ತಂತಿಯಿಲ್ಲದ ಜಿಗಿತ

ಗುಲ್ಟೇಕಡಿ, ಪುಣೆ
ಗುರುವಾರ, 11 ಫೆಬ್ರುವರಿ 1999

ನಮ್ಮ ಮನೆಯ ಯಜಮಾನರಿಗೆ ಚಂದಮ್ಮ ಮಾಡುವ ನಮಸ್ಕಾರಗಳು.

ನೀವು ಹೇಗಿದ್ದೀರಿ? ಬಲಗಾಲಿನ ಕೀಲು ಸಂಜೆಯ ಹೊತ್ತಿಗೆ ಈಗಲೂ ಬಾತುಕೊಳ್ಳುತ್ತದೆಯೋ, ಅಥವಾ ಬಾತುಕೊಂಡರೂ ನನಗೆ ಬರೆಯುವುದನ್ನು ಬಿಟ್ಟಿದ್ದೀರೋ? ಬಿಸಿ ಉಪ್ಪಿನ ಶಾಖ ಕೊಟ್ಟುಕೊಳ್ಳಿ ಎಂದು ಹೋದ ಸಲ ಬರೆದಿದ್ದೆ. ನೀವು ಕೊಟ್ಟುಕೊಂಡಿರುವುದಿಲ್ಲ, ಅದೂ ಗೊತ್ತು. ಟೆಂಪೋ ಓಡಿಸುವ ದತ್ತೂನ ಕೈಯಲ್ಲಿ ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಜೊತೆಗೆ ಈ ಪತ್ರ ಕಳಿಸುತ್ತಿದ್ದೇನೆ. ಅಂಚೆಗೆ ಹಾಕಿದರೆ ಶನಿವಾರದೊಳಗೆ ನಿಮ್ಮ ಕೈ ಸೇರುವುದಿಲ್ಲ. ಇವತ್ತು ಅವನು ಮೆಂತ್ಯ ಕೊತ್ತಂಬರಿ ಹೇರಿಕೊಂಡು ಮುಂಬೈಗೆ ಹೊರಟಿದ್ದಾನೆ. ಮಾಲು ಇಳಿಸಿ ತಾನೇ ಗೋರೆಗಾಂವಿಗೆ ಬಂದು ನಿಮ್ಮ ಕೈಗೇ ಕೊಡುವುದಾಗಿ ದೇವರ ಆಣೆ ಮಾಡಿದ್ದಾನೆ. ಅತ್ತೆ ಆರಾಮಾಗಿದ್ದಾರೆ. ನಾವೆಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ಆದರೆ ಮಂಗಳವಾರ ನಿಮ್ಮ ಪತ್ರ ಬಂದಾಗಿನಿಂದ ನನ್ನ ಕೈಕಾಲು ನಿಂತಲ್ಲಿ ನಿಲ್ಲುತ್ತಿಲ್ಲ. ನಿನ್ನೆ ಯಾರ್ಡಿನಲ್ಲಿ ಹರಿದ ಗೋಣಿಚೀಲ ಹೊಲಿಯುತ್ತಾ ಅದರ ಬಾಯಿಯನ್ನೇ ಹೊಲಿದು ಮುಚ್ಚಿಬಿಟ್ಟೆ. ಹಮಾಲರ ಮುಕಾದಮ ಹೊಳಬಸಪ್ಪ ಅದನ್ನು ಎತ್ತಿ ಎಲ್ಲರಿಗೂ ತೋರಿಸಿ, ನಿಮ್ಮ ಹೆಸರು ಹಿಡಿದು, "ಕಾಡಪ್ಪಂದು ಪತ್ರ ಬಂದಂಗ ಕಾಣಸ್ತದ" ಎಂದು ನಗಿಸಿದ. ನಾನೂ ನಕ್ಕೆ, ಏನು ಮಾಡುವುದು.

ನಿಮ್ಮ ಪತ್ರ ಓದಿ ಓದಿ ಈಗ ಬಾಯಿಪಾಠವಾಗಿದೆ. ಬರುವ ಶನಿವಾರ ಹತ್ತು ಗಂಟೆಗೆ, ಹಳೇ ಗಿರಣಿಯ ಎರಡನೇ ಮಹಡಿಯಿಂದ, ಸೊಂಟಕ್ಕೆ ತಂತಿಯಿಲ್ಲದೆ ನೀವು ನೆಲಕ್ಕೆ ಜಿಗಿಯಬೇಕು. ಕೆಳಗೆ ರಟ್ಟಿನ ಡಬ್ಬಿಗಳ ರಾಶಿಯೂ ಇಲ್ಲ, ಗಾದಿಯೂ ಇಲ್ಲ. ಜಿಗಿಯುವುದು, ಇಳಿಯುವುದು, ಎದ್ದು ಓಡುವುದು ಎಲ್ಲವೂ ಒಂದೇ ಶಾಟಿನಲ್ಲಿ ಕಾಣಬೇಕಾದ್ದರಿಂದ ನೆಲ ಅಗೆದು ಮಣ್ಣು ಸಡಿಲ ಮಾಡಿ ಮೇಲೆ ಸ್ವಲ್ಪ ಮರದ ಹೊಟ್ಟು ಹರಡುತ್ತಾರೆ, ಅಷ್ಟೇ. ಇದನ್ನೆಲ್ಲ ನೀವು ಮದುವೆಗೆ ಕರೆದ ಹಾಗೆ ಖುಷಿಯಿಂದ ಬರೆದಿದ್ದೀರಿ. "ಮಂದಿ ಕೇಳಾಕತ್ತಾರ ಚಂದೂ, ರಾಶಿ ಪೋಸ್ಟ್‌ಕಾರ್ಡ್ ಬಂದಾವ, ಇನ್ನ ಹೆಂಗ ಇಲ್ಲನ್ನೂದು?" ಎಂದು ಬರೆದ ಕಡೆ ಪೆನ್ನು ಒತ್ತಿ ಒತ್ತಿ ಕಾಗದವೇ ತೂತಾಗಿದೆ. ಹತ್ತು ವರ್ಷ ಈರುಳ್ಳಿ ಚೀಲ ಹೊತ್ತಾಗ ಯಾವ ಮಂದಿಯೂ ನಿಮ್ಮನ್ನು ಹೀಗೆ ಕೇಳಿರಲಿಲ್ಲ. ಆ ಸಂತೋಷ ನನಗೆ ತಿಳಿಯುವುದಿಲ್ಲವೆಂದು ತಿಳಿಯಬೇಡಿ.

ಆ ಶೂಟಿಂಗಿನವರು ಮಾರ್ಕೆಟ್ ಯಾರ್ಡಿಗೆ ಬಂದ ದಿನ ನಿಮಗೆ ಜ್ವರ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈ ಎರಡು ದಿನದಲ್ಲಿ ಎಷ್ಟು ಸಲ ಅಂದುಕೊಂಡೆನೋ. ಎರಡು ಚೀಲ ಒಟ್ಟಿಗೆ ಹೊತ್ತು ನಡೆದ ನಿಮ್ಮನ್ನು ಡೈರೆಕ್ಟರ್ ಸಾಹೇಬರು ನಿಂತು ನೋಡಿದರು. ಮುಂದಿನ ತಿಂಗಳು ನೀವು "ವಜ್ರಪಂಖ್" ಎಂಬ ಹಿಂದಿ ಸೂಪರ್‌ಹೀರೋ ಧಾರಾವಾಹಿಯ ಮುಖವಾಡದೊಳಗೆ ಇದ್ದಿರಿ. ಮುಖ ತೋರಿಸಿ ಮಾತಾಡುವವನು ಹೀರೋ. ಹಾರುವವರು, ಬೀಳುವವರು, ಬಂಡೆ ಎತ್ತುವವರು ನೀವು. ಮಕ್ಕಳ ನಂಬಿಕೆ ಕೆಡಬಾರದು, ಡೂಪ್ ಇದ್ದಾನೆಂದು ಹೊರಗೆ ಬಾಯಿ ಬಿಡಬಾರದು ಎಂದು ಕಾಗದದ ಮೇಲೆ ಸಹಿ ಮಾಡಿ ಬಂದಿರಿ. ಹೆಂಡತಿಗೊಬ್ಬಳಿಗೆ ಹೇಳಿದಿರಿ, ಹಡೆದ ತಾಯಿಗೂ ಹೇಳಲಿಲ್ಲ. ನಮ್ಮ ಗಲ್ಲಿಗೆ ನೀವು ಈಗಲೂ ಗೋರೆಗಾಂವಿನ ಗೋಡೌನಿನಲ್ಲಿ ಕೆಲಸಕ್ಕಿರುವ ಮನುಷ್ಯ.

ಹೀಗಾಗಿ ಪ್ರತಿ ಭಾನುವಾರ ಬೆಳಿಗ್ಗೆ ಮಾರ್ತಾಂಡರಾಯರ ಮನೆಯಲ್ಲಿ ನನಗೊಂದು ಪರೀಕ್ಷೆ. ರೇಲ್ವೆ ಗೂಡ್ಸ್ ಆಫೀಸಿನಿಂದ ನಿವೃತ್ತರಾದ ಮೇಲೆ ಅವರಿಗೆ ತಪ್ಪು ಹಿಡಿಯಲು ಈ ಧಾರಾವಾಹಿಯೊಂದೇ ಉಳಿದಿದೆ. ಗಲ್ಲಿಯ ಇಪ್ಪತ್ತು ಮಂದಿ ಅವರ ಟೀವಿಯ ಮುಂದೆ. ಮೊದಲಿನಿಂದಲೂ ನೀವು ಹಾರಿದಾಗಲೆಲ್ಲ ಬೆನ್ನ ಹಿಂದೆ ತಂತಿ ಮಿಂಚುತ್ತಿತ್ತು. ಅವರ ಸೊಸೆ ನೀತಾ "ದೋರೀ ದಿಸತೇ, ದೋರೀ!" ಎಂದು ಮರಾಠಿಯಲ್ಲಿ ಕೂಗಿ ಟೀವಿಯ ಹತ್ತಿರ ಹೋಗಿ ಆ ದಾರ ಎಲ್ಲಿದೆಯೆಂದು ಬೆರಳಿಟ್ಟು ತೋರಿಸುವಳು. ರಾಯರು, "ಇಂವಾ ಹಾರೂದಲ್ರೀ, ಇವನ್ನ ಬಾವ್ಯಾಗಿನ ಕೊಡಾ ಎತ್ತಿಧಂಗ ಎತ್ತಲಿಕ್ಹತ್ತಾರ" ಎನ್ನುವರು. ಇಡೀ ಮನೆ ಬಿದ್ದು ಬಿದ್ದು ನಗುವುದು. ಅವರ ಜೊತೆ ನಗಬೇಕಾದ ಹೆಂಗಸು ನಾನು. ನಗದಿದ್ದರೆ ಇವಳಿಗೇನಾಯಿತು ಎಂದು ಕೇಳುತ್ತಾರಲ್ಲ! ನಕ್ಕು ಮನೆಗೆ ಬಂದು ಹಿಟ್ಟಿನ ಮೇಲೆ ಸಿಟ್ಟು ತೀರಿಸುತ್ತಿದ್ದೆ.

ನಿಜ ಹೇಳಲೇ, ನನಗೆ ತಂತಿಗಿಂತ ಆ ಬಂಡೆಯ ಮೇಲೆ ಹೆಚ್ಚು ಕೋಪ ಬಂದಿತ್ತು. ಸೇತುವೆಯ ಕೆಳಗಿನ ಬಂಡೆಯನ್ನು ನೀವು ಥರ್ಮಾಕೋಲ್ ಎತ್ತಿದ ಹಾಗೇ ಎತ್ತಿದಿರಿ. ಅದು ಥರ್ಮಾಕೋಲೇ ಇರಲಿ, ಎತ್ತುವವರು ನೀವಲ್ಲವೇ? ನೂರು ಕಿಲೋ ಬೆಲ್ಲದ ಚೀಲಕ್ಕೆ ಹೆಗಲು ಕೊಡುವಾಗ ನಿಮ್ಮ ಎಡ ಮೊಣಕಾಲು ಮೊದಲು ಬಾಗುತ್ತದೆ, ಉಸಿರು ಹಿಡಿಯುತ್ತೀರಿ, ಕುತ್ತಿಗೆಯ ನರ ಕಿವಿಯವರೆಗೆ ಉಬ್ಬುತ್ತದೆ. ಭಾರ ಅಂದರೇನು ಎಂದು ಆ ಸ್ಟುಡಿಯೋದಲ್ಲಿ ಬಲ್ಲವರು ನೀವೊಬ್ಬರೇ, ನೀವೇ ಹಲ್ಲು ಕಿಸಿದು ಒಂದು ಕೈಯಲ್ಲಿ ಎತ್ತಿದರೆ? ನೋಡುವವರು ಸುಮ್ಮನೆ ನಗುತ್ತಾರೆಯೇ? ಸೂಪರ್‌ಹೀರೋ ಎಂದ ಮಾತ್ರಕ್ಕೆ ಭಾರ ಹಗುರಾಗುವುದಿಲ್ಲ, ಭಾರವಾದದ್ದನ್ನು ಎತ್ತುವುದರಿಂದಲೇ ಅವನು ಸೂಪರ್‌ಹೀರೋ. ಈ ಮಾತನ್ನು ಆಗಲೇ ನಿಮಗೆ ನೇರವಾಗಿ ಬರೆಯಬಹುದಿತ್ತು. ಹೊಸ ಕೆಲಸ, ಮನಸ್ಸಿಗೆ ಹಚ್ಚಿಕೊಂಡೀರಿ ಎಂದು ಬರೆಯಲಿಲ್ಲ.

ಆಮೇಲೆ ನಡೆದದ್ದು ನಿಮಗೇ ಗೊತ್ತು. ಕಂತಿನ ಕೊನೆಯಲ್ಲಿ ಪ್ರೇಕ್ಷಕರ ಪತ್ರ ಓದುತ್ತಾರಲ್ಲ, ಅದರಲ್ಲಿ ಒಂದು ದಿನ "ಪುಣೆಯಿಂದ ಮಾರ್ತಾಂಡರಾಯರು ಬರೆಯುತ್ತಾರೆ" ಎಂದು ಓದಿಬಿಟ್ಟರು. ವಜ್ರಪಂಖ್ ಭಾರ ಎತ್ತುವುದು ಸುಳ್ಳಾಗಿ ಕಾಣುತ್ತದೆ, ಅವನು ಒಬ್ಬ ಹಮಾಲನನ್ನು ಕೇಳಿ ಕಲಿಯಲಿ ಎಂದು ಅದರಲ್ಲಿತ್ತು. ರಾಯರು ಒಂದು ಗಳಿಗೆ ಬಾಯಿ ತೆರೆದು ಕುಳಿತರು. ನೀತಾ ಚಪ್ಪಾಳೆ ತಟ್ಟಿದಳು, ಪಕ್ಕದ ಮನೆಯವರು ಕೈ ಕುಲುಕಿದರು. ರಾಯರು ಕೂದಲು ಸರಿಮಾಡಿಕೊಂಡು, "ಬರದಿದ್ದೆ, ಓದತಾರಂತ ಅನ್ಕೊಂಡಿರಲಿಲ್ಲ" ಎಂದರು. ಸಂಜೆ ಗಲ್ಲಿಗೆಲ್ಲ ಪೇಢೆ ಹಂಚಿದರು. ನಾನೂ ಒಂದು ತಿಂದೆ.

ಎರಡು ತಿಂಗಳಾದ ಮೇಲೆ ನೀವು ಕೆಸರಿನಿಂದ ಆ ಎತ್ತಿನ ಗಾಡಿ ಎತ್ತಿದ ಕಂತು ಬಂತು. ಡೈರೆಕ್ಟರ್ ಸಾಹೇಬರು ನಿಮ್ಮನ್ನೇ ಕೇಳಿ, ನೀವು ಹೇಳಿದ ಹಾಗೆ ಎತ್ತಲು ಬಿಟ್ಟರಂತಲ್ಲ. ಎಡ ಮೊಣಕಾಲು ಬಾಗಿತು, ಹೆಗಲು ಗಾಡಿಯ ಅಡಿಗೆ ಹೋಯಿತು, ಮುಖವಾಡದ ಕೆಳಗೆ ನರ ಉಬ್ಬಿತು. ಮಾರ್ತಾಂಡರಾಯರ ಮನೆಯಲ್ಲಿ ಈ ಸಲ ಯಾರೂ ನಗಲಿಲ್ಲ. ಗಾಡಿ ಮೇಲೆದ್ದಾಗ ರಾಯರು ಕುರ್ಚಿಯ ತುದಿಗೆ ಬಂದು, "ಇಂವಾ ಖರೇ ಎತ್ತ್ಯಾನ" ಎಂದರು. ನನಗೆ ಅಳು ತಡೆಯಲಿಲ್ಲ. ಕಣ್ಣಿಗೆ ಒಗ್ಗರಣೆ ಹೊಗೆ ಎಂದು ಹೇಳಿ ಎದ್ದು ಬಂದೆ. ಅವರ ಮನೆಯಲ್ಲಿ ಒಲೆ ಹಚ್ಚಿಯೇ ಇರಲಿಲ್ಲ.

ಅಲ್ಲಿಗೆ ಸಾಕಿತ್ತು. ಆದರೆ ನೋಡುವವರ ಮನಸ್ಸು ಒಂದು ಕೊಟ್ಟರೆ ಇನ್ನೊಂದು ಕೇಳುತ್ತದೆ. ಗಾಡಿ ನಿಜ ಎಂದಾದ ಮೇಲೆ ತಂತಿ ಇನ್ನಷ್ಟು ಕಣ್ಣಿಗೆ ಚುಚ್ಚತೊಡಗಿತು. ಎತ್ತುವುದು ಇಷ್ಟು ಖರೇ ಇರುವಾಗ ಹಾರುವುದು ಯಾಕೆ ಗೊಂಬೆಯಾಟದಂತಿರಬೇಕು? ಜಿಗಿಯುವುದನ್ನು ಒಮ್ಮೆ, ನೆಲಕ್ಕೆ ಬಂದು ನಿಂತದ್ದನ್ನು ಇನ್ನೊಮ್ಮೆ ತೋರಿಸುತ್ತಾರೆ, ನಡುವೆ ಏನು ನಡೆಯಿತೆಂದು ಯಾರಿಗೆ ಗೊತ್ತು ಎಂದು ರಾಯರೂ ಶುರುಮಾಡಿದರು. ಕಾರ್ಡುಗಳ ಮೇಲೆ ಕಾರ್ಡು ಬರುತ್ತಿವೆ ಎಂದು ನೀವು ಬರೆದಿರಿ. ತಂತಿ ತೆಗೆಯಿರಿ, ಜಿಗಿತ ಪೂರ್ತಿ ತೋರಿಸಿ, ನಮ್ಮನ್ನು ಹುಚ್ಚರೆಂದು ತಿಳಿಯಬೇಡಿ. ಕಾರ್ಡು ಯಾರೇ ಬರೆದಿರಲಿ, ಒಂದನ್ನು ಮಾತ್ರ ಅವರು ಯೋಚಿಸಿರಲಿಲ್ಲ. ತಂತಿಗೆ ಬಣ್ಣ ಬಳಿದು ಮುಚ್ಚುತ್ತಾರೆ, ಕ್ಯಾಮರಾ ಬೇರೆ ಕಡೆ ಇಡುತ್ತಾರೆ, ದೊಡ್ಡವರು ಏನಾದರೂ ಯುಕ್ತಿ ಮಾಡುತ್ತಾರೆ ಎಂದುಕೊಂಡಿದ್ದರು. ತಂತಿ ತೆಗೆಯಿರಿ ಎಂದರೆ ತಂತಿಯನ್ನೇ ಬಿಚ್ಚಿಬಿಡುತ್ತಾರೆಂದು ಯಾರಿಗೆ ಗೊತ್ತಿತ್ತು!

ಮಂಗಳವಾರ ಮತ್ತು ನಿನ್ನೆ ಎಸ್‌ಟಿಡಿ ಬೂತಿನಿಂದ ಸ್ಟುಡಿಯೋಗೆ ಫೋನ್ ಮಾಡಿದೆ. ಮೊದಲನೇ ಸಲ ಶೂಟಿಂಗ್ ನಡೆದಿದೆ ಎಂದು ಇಟ್ಟರು. ಎರಡನೇ ಸಲ ಡೂಪ್ ಕಾಡಪ್ಪನ ಹೆಂಡತಿ ಮಾತಾಡುವುದು ಎಂದು ಹೇಳಲು ಹೋಗಿ, ಬೂತಿನ ಬಾಗಿಲಲ್ಲಿ ನೀತಾ ನಿಂತದ್ದು ಕಂಡು ನಾನೇ ಇಟ್ಟುಬಿಟ್ಟೆ. ನಿಮ್ಮ ಹೆಸರು ಬಾಯಿಗೆ ತರಲೂ ಒಂದು ನಾಚಿಕೆ, ಆ ಸಹಿಯ ಕಾಗದದ್ದು ಬೇರೆ ಹೆದರಿಕೆ. ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ. ನೀತಾ ಕೇಳಿಸಿಕೊಂಡಿದ್ದರೆ ಏನಾಗುತ್ತಿತ್ತು? ಗಲ್ಲಿ ಒಂದು ವಾರ ಮಾತಾಡುತ್ತಿತ್ತು, ಅಷ್ಟೇ ತಾನೆ.

ಅತ್ತೆಯ ವಿಷಯ ಒಂದು ಬರೆಯಬೇಕು. ಹೋದ ಭಾನುವಾರ ಅವರೂ ನನ್ನ ಜೊತೆ ಟೀವಿಗೆ ಬಂದಿದ್ದರು. ನೀವು ಗೋಪುರದಿಂದ ಗೋಪುರಕ್ಕೆ ಹಾರಿದಿರಿ, ತಂತಿ ಕಂಡಿತು, ಎಲ್ಲರೂ ಎಂದಿನಂತೆ ನಕ್ಕರು. ಅತ್ತೆ ನಗಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿ, "ಯಾರ ಹಡದ ಮಗನೋ ಏನೋ. ತಂತಿ ಕಟ್ಯಾರ, ಚಲೋ ಆತು. ಬೀಳಂಗಿಲ್ಲ ಕೂಸು" ಎಂದರು. ಅಷ್ಟು ಜನರಲ್ಲಿ ತಂತಿ ಕಂಡು ಸಮಾಧಾನಪಟ್ಟವರು ಅವರೊಬ್ಬರೇ. ಗುಟ್ಟು ಗೊತ್ತಿರುವ ನನಗೆ ಆ ಮಾತು ಹೊಳೆದಿರಲಿಲ್ಲ. ನಾನು ಅಲ್ಲಿ ಕುಳಿತು ನಿಮ್ಮ ಮಾನ ಹೋಗುತ್ತಿದೆ ಎಂದಷ್ಟೇ ಲೆಕ್ಕ ಹಾಕುತ್ತಿದ್ದೆ. ಅವರು ನಿಮ್ಮನ್ನು ಗುರುತಿಸದೆಯೇ ನಿಮ್ಮ ಜೀವ ಕಾದರು.

ಆದ್ದರಿಂದ ಕೇಳುತ್ತಿದ್ದೇನೆ, ಜಿಗಿಯಬೇಡಿ. ಮೂರು ವರ್ಷದ ಹಿಂದೆ ಲಾರಿಯಿಂದ ಚೀಲ ಬಿದ್ದ ಬಲಗಾಲು ಅದು, ಮೆಟ್ಟಿಲು ಹತ್ತುವಾಗಲೇ ಅದನ್ನು ನೀವು ನಂಬುವುದಿಲ್ಲ, ಎಡಗಾಲೇ ಮುಂದೆ ಇಡುತ್ತೀರಿ. ಅದನ್ನು ಸಾಹೇಬರಿಗೆ ಹೇಳಿದ್ದೀರಾ? ಹೇಳಿರುವುದಿಲ್ಲ. ಮಂದಿ ಕೇಳುತ್ತಿದ್ದಾರೆ ಎಂದು ಎದೆಯುಬ್ಬಿಸಿ ಹೂಂ ಎಂದು ಬಂದಿರುತ್ತೀರಿ. ತಂತಿ ಕಟ್ಟಿದರೆ ಮಾತ್ರ ಹಾರುತ್ತೇನೆ ಎನ್ನಿ. ಒಪ್ಪದಿದ್ದರೆ ದತ್ತೂನ ಟೆಂಪೋ ಹತ್ತಿ ಬಂದುಬಿಡಿ. ಹೊಳಬಸಪ್ಪ ನಾಳೆಯೇ ಕೆಲಸಕ್ಕೆ ಹಚ್ಚಿಕೊಳ್ಳುತ್ತಾನೆ. ಚೀಲ ಹೊರುವುದು ನಿಮಗೆ ಇನ್ನು ಸಣ್ಣದಾಗಿ ಕಂಡೀತು, ಇರಲಿ, ನನ್ನ ಮೇಲೆ ಸಿಟ್ಟು ಮಾಡಿಕೊಂಡು ಹೊರಿರಿ.

ರೊಟ್ಟಿ ಗಾಳಿಗೆ ಇಡಬೇಡಿ, ಮೆತ್ತಗಾಗುತ್ತವೆ. ಅತ್ತೆ ನಿಮ್ಮ ತಲೆಯ ಮೇಲೆ ಕೈಯಿಟ್ಟೆನೆಂದು ಬರೆ ಎಂದಿದ್ದಾರೆ, ಇಟ್ಟಿದ್ದಾರೆಂದು ತಿಳಿಯಿರಿ. ನೀವು ಎರಡು ಕಾಲ ಮೇಲೆ ನಡೆದು ಬಾಗಿಲಿಗೆ ಬರುವುದನ್ನು ಕಾಯುತ್ತಿರುವ,

ಚಂದಮ್ಮ

ತಾ.ಕ.: ದತ್ತು ಹಾರ್ನ್ ಹೊಡೆಯುತ್ತಿದ್ದಾನೆ. ಇಷ್ಟುದ್ದ ಬರೆದರೂ ಬರೆಯಬೇಕಾದ್ದನ್ನು ಬರೆದಿಲ್ಲ. ಆ ಕಾರ್ಡುಗಳನ್ನೆಲ್ಲ ಬರೆದವಳು ನಾನು. ರಾಯರ ಹೆಸರಿನದು ನನ್ನದು, ಅದನ್ನು ಟೀವಿಯಲ್ಲಿ ಓದಿದ ಮೇಲೆ ರುಚಿ ಹತ್ತಿತು. ತಂತಿ ತೆಗೆಯಿರಿ ಎಂದದ್ದು, ಜಿಗಿತ ಪೂರ್ತಿ ತೋರಿಸಿ ಎಂದದ್ದು, ಸಾತಾರಾ, ಸೋಲಾಪುರ, ಲೋಣಾವಳಾ ಎಂದು ವಿಳಾಸ ಹಾಕಿದ್ದು, ಎಲ್ಲವೂ ನಮ್ಮ ಒಲೆಯ ಮುಂದೆ ಕುಳಿತು ಬರೆದವು. ಒಟ್ಟು ಮೂವತ್ತಾರು. ಊರು ಯಾವುದಿದ್ದರೂ ಅಂಚೆಯ ಮುದ್ರೆ ಪುಣೆಯದೇ ಇದೆ, ಸಾಹೇಬರಿಗೆ ತೋರಿಸಿ. ಈ ಹಾಳೆಯ ಹಿಂದೆ ಆ ಕಾರ್ಡುಗಳಂತೆ ಹಿಂದಿಯಲ್ಲಿ ಎರಡು ಸಾಲು ಬರೆದಿದ್ದೇನೆ, ಅಕ್ಷರ ಹೋಲಿಸಿ ನೋಡಲಿ. ಗಾಡಿ ಎತ್ತಿದ್ದನ್ನು ಹೊಗಳಿ ಬಂದ ಕಾರ್ಡುಗಳೂ ನನ್ನವೇ. ಅದನ್ನು ಹೇಳಲು ಎಲ್ಲಕ್ಕಿಂತ ಸಂಕಟ, ಆದರೆ ಹೊಗಳಿದ್ದು ಸುಳ್ಳಲ್ಲ. ಮಂದಿ ಮಂದಿ ಎನ್ನುತ್ತೀರಲ್ಲ, ಆ ಮಂದಿ ನಾನೇ. ನಾನು ಬೇಡ ಅನ್ನುತ್ತಿದ್ದೇನೆ, ಜಿಗಿಯಬೇಡಿ.