ಚಂದ್ರನ ಬೆನ್ನು

ಅಮ್ಮತ್ತಿ, ನವೆಂಬರ್ ೧೯೫೯

ಅಪ್ಪಾ,

ಕೊನೆಗೂ ಗೆದ್ದದ್ದು ನಾನೇ. "ಬೆನ್ನಿನ ಫೋಟೋ ತೆಗ್ದು ಫಿಲ್ಮ್ ಹಾಳು ಮಾಡ್ತಾರಾ?" ಎಂದು ಬೈದಿದ್ದಿರಲ್ಲ, ಈಗ ರಷ್ಯಾದವರು ಚಂದ್ರನ ಬೆನ್ನಿನ ಫೋಟೋವನ್ನೇ ತೆಗೆದಿದ್ದಾರೆ. ಭೂಮಿಯಿಂದ ಯಾರಿಗೂ ಕಾಣದ ಆ ಬದಿ ಪೇಪರಿನಲ್ಲಿ ಬಂದಿದೆ. ಅದನ್ನು ಕತ್ತರಿಸಿ ನಮ್ಮ ಸ್ಟುಡಿಯೋದ ಗಾಜಿಗೆ ಅಂಟಿಸಿದೆ. ಪಕ್ಕದಲ್ಲಿ ನಿಮ್ಮದನ್ನೂ ಹಾಕಿದೆ. ಮಡಿಕೇರಿ ಆಸ್ಪತ್ರೆಗೆಂದು ನೀವು ಕೊನೆಯ ಸಲ ಬಸ್ಸು ಹತ್ತುವಾಗ ಹಿಂದಿನಿಂದ ನಾನು ತೆಗೆದದ್ದು. ಆ ಓರೆ ಭುಜ, ಕಂಕುಳಿನ ಕೊಡೆ ನೋಡಿಯೇ ಸಂತೆಗೆ ಬಂದವರೆಲ್ಲ ಗುರುತು ಹಿಡಿದರು.

ಹೊನ್ನಮ್ಮತ್ತೆ ಮಾತ್ರ, "ಊರೋರ ಮೋರೆಯೆಲ್ಲ ತೆಗ್ದವ ನನ್ನ ಅಣ್ಣ. ಅವನ ಮೋರೆದ್ ಒಂದೂ ಇಲ್ಲೆನಾ?" ಎಂದು ಕೇಳಿದರು.

"ಅದು ದಿನಾ ಕಾಣ್ತಿತ್ತಲ್ಲ ಅತ್ತೆ," ಎಂದೆ.