ನೀನು ಓದಿದ ಸುದ್ದಿ

ಊರಿಗಾಂ, ಕೆ.ಜಿ.ಎಫ್.
೧೦ ನವೆಂಬರ್ ೨೦೨೪, ಭಾನುವಾರ

ನನ್ನ ಮುದ್ದು ಭಾರ್ಗವಿಗೆ,

ಅಮ್ಮ ಯಾಕೆ ಕಾಗದ ಬರೆದಳು ಅಂತ ಗಾಬರಿಯಾಗಬೇಡ. ನಾನೂ ನಿಮ್ಮಪ್ಪನೂ ಚೆನ್ನಾಗಿದ್ದೇವೆ. ಈ ವಿಷಯವನ್ನು ಫೋನಿನಲ್ಲಿ ಎತ್ತಿದಾಗಲೆಲ್ಲ ನೀನು, "ಬರೆಯೋರು ಬೇರೆ ಅಮ್ಮ, ನಾನು ದನಿ ಕೊಡೋದಷ್ಟೇ" ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ನಮ್ಮ ಪಕ್ಕದ ಇಂದ್ರಾಣಿಯ ಮನೆಯಲ್ಲಿ ಕವಿತ ಅಂತ ಒಂದು ಹುಡುಗಿ ಇದ್ದಾಳೆ. ಇಂದ್ರಾಣಿಯ ಗಂಡ ಪೆರುಮಾಳನ ತಂಗಿ ಮಗಳು. ತಾಯಿ ತೀರಿಕೊಂಡ ಮೇಲೆ ಇಲ್ಲಿಗೆ ಬಂದವಳು, ನೀನು ಅವಳನ್ನು ನೋಡಿಲ್ಲ. ಅವಳಿಗೆ ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಕೆಲಸ ಸಿಗುವ ಹಾಗಿತ್ತು. ಹುಡುಗಿಯೊಬ್ಬಳೇ ಹಾಸ್ಟೆಲಿನಲ್ಲಿರುವುದು ಬೇಡ ಅಂತ ಪೆರುಮಾಳ್ ಖಂಡಿತವಾಗಿ ಹೇಳಿಬಿಟ್ಟ. ಹೋದ ತಿಂಗಳು ಒಂದು ಬೆಳಿಗ್ಗೆ, ಗಂಡ ಹೆಂಡತಿ ಇಬ್ಬರೂ ಹೊರಗಿದ್ದಾಗ, ಅವಳು ಫೋನ್ ಆಫ್ ಮಾಡಿಕೊಂಡು ಗೆಳತಿಯ ಜೊತೆ ಹೊಸೂರಿಗೆ ಹೊರಟುಹೋದಳು. ಇವರಿಗೆ ಅದೊಂದೂ ಗೊತ್ತಿಲ್ಲ. ಎಲ್ಲ ಕಡೆ ಹುಡುಕಿ, ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಟ್ಟವನು ಪೆರುಮಾಳನೇ.

ಟಿವಿಯವರು ಯಾರಿಂದ ಕೇಳಿ ಬಂದರೋ. ಮನೆ ಹಿಂದೆ ಒಂದು ಗುಂಡಿ ಇತ್ತು. ಕಕ್ಕಸಿಗೆ ಅಂತ ಪೆರುಮಾಳ್ ತಾನೇ ತೋಡುತ್ತಿದ್ದ, ಮಳೆ ಬಂದು ಕೆಲಸ ನಿಂತಿತ್ತು. ಅದರ ಪಕ್ಕದಲ್ಲಿ ಆಯುಧಪೂಜೆಗೆ ಗುದ್ದಲಿ ಹಾರೆಗೆ ಇಟ್ಟ ನಿಂಬೆಹಣ್ಣು ಕುಂಕುಮ ಬಿದ್ದಿತ್ತು. ಕ್ಯಾಮೆರಾದವನು ಅದನ್ನು ಬಗ್ಗಿ ಬಗ್ಗಿ ಹಿಡಿದ. ಮೈಕ್ ಹಿಡಿದ ಹುಡುಗ ನನ್ನನ್ನೂ ಕೇಳಿದ. ನಾನು ಹೇಳಿದ್ದು ಇಷ್ಟು: "ಸಂಜೆ ಹೊತ್ತು ಗುಂಡಿ ತೋಡ್ತಾನೆ ಕಣಪ್ಪ, ಹಗಲು ಸ್ಕೂಲಲ್ಲಿ ವಾಚ್‌ಮನ್ ಕೆಲಸ ಇರುತ್ತಲ್ಲ. ಕಕ್ಕಸಿಗೆ ಅದು. ಆ ಹುಡುಗೀನ ಹೆತ್ತ ಮಗಳ ಥರ ನೋಡ್ಕೊಂಡಿದಾರೆ."

ಆ ಸಂಜೆ ನಿಮ್ಮಪ್ಪ ಟಿವಿಯಲ್ಲಿ ನಿಮ್ಮ ಚಾನೆಲ್ ಹಾಕಿದರು. "ಬಂಗಾರಕ್ಕೆ ಬಲಿಯಾದಳಾ ತಂಗಿ ಮಗಳು?" ಅಂತ ಕೆಂಪು ಅಕ್ಷರ. ಗಣಿ ಬಾವಿಯ ಚಿತ್ರ, ಕವಿತಳ ಫೋಟೋ ಸುತ್ತ ಬೆಂಕಿ. ಆಮೇಲೆ ನಾನು, ಮುಖ ಮಸುಕು ಮಾಡಿದ್ದರು. "ಸಂಜೆ ಹೊತ್ತು ಗುಂಡಿ ತೋಡ್ತಾನೆ" ಅನ್ನುವಷ್ಟು ಬಿಟ್ಟು ಉಳಿದದ್ದನ್ನು ತೆಗೆದುಹಾಕಿದ್ದರು. ಅದರ ಹಿಂದೆಯೇ ನಿನ್ನ ದನಿ. "ಕತ್ತಲಾಗುತ್ತಿದ್ದಂತೆ ಈ ಮನೆಯ ಹಿಂದೆ ಏನು ನಡೆಯುತ್ತಿತ್ತು?" ಅಂತ ಕೇಳಿದೆ. ಓದುವಾಗ ನಿನಗೆ ಚಿತ್ರ ತೋರಿಸುತ್ತಾರೋ, ಬರೀ ಹಾಳೆ ಕೊಡುತ್ತಾರೋ, ನನಗೆ ತಿಳಿಯದು. ಮಸುಕು ಮಾಡಿದ್ದರೂ ನನ್ನ ಸೀರೆಯ ಗುರುತಾದರೂ ನಿನಗೆ ಸಿಗಬೇಕಿತ್ತು.

ಮರುದಿನವೂ ಅದನ್ನೇ ಹಾಕಿದರು. ಸಂಜೆಗೆ ಎಲ್ಲೆಲ್ಲಿಂದಲೋ ಹುಡುಗರು ಬಂದರು, ಅರ್ಧ ಜನ ಈ ಕಡೆಯವರೇ ಅಲ್ಲ. ಪೆರುಮಾಳನನ್ನು ಬೀದಿಗೆ ಎಳೆದು ಹೊಡೆದರು. "ಎಲ್ಲಿ ಹೂತಿದೀಯ, ತೋರ್ಸೋ" ಅಂತ ಅವನನ್ನೇ ಗುಂಡಿಗೆ ಇಳಿಸಿದರು. ನಿಮ್ಮಪ್ಪ ಅಡ್ಡ ಹೋಗಿ ತಳ್ಳಿಸಿಕೊಂಡು ಬಿದ್ದರು. ಮೊಣಕೈ ತರಚಿದೆ, ಬೇರೇನೂ ಆಗಿಲ್ಲ, ಫೋನಿನಲ್ಲಿ ನಿನಗೆ ಹೇಳಿರಲಿಲ್ಲ. ಪೊಲೀಸರು ಬಂದು ಪೆರುಮಾಳನನ್ನು ಜೀಪಿನಲ್ಲಿ ಕರೆದುಕೊಂಡು ಹೋದರು. ಕಾಪಾಡಲು ಅಂತ ಕರೆದೊಯ್ದರೂ ಅಲ್ಲಿಯೂ ಅವನಿಗೆ ಅದೇ ಪ್ರಶ್ನೆ. ಅವನಿಗೆ ಈಗ ಎಡಗಿವಿ ಕೇಳಿಸುವುದಿಲ್ಲ.

ಅತ್ತ ಹೊಸೂರಿನ ಹಾಸ್ಟೆಲಿನಲ್ಲಿ ಯಾರೋ ಒಬ್ಬಳು ಮೊಬೈಲಿನಲ್ಲಿ ಇದನ್ನೇ ನೋಡುತ್ತಿದ್ದಳಂತೆ. ಕವಿತ ತನ್ನ ಮುಖವನ್ನೇ ಅದರಲ್ಲಿ ಕಂಡಳು. ಮಾವನ ಫೋನ್ ಪೊಲೀಸರ ಹತ್ತಿರ ಇದ್ದುದರಿಂದ ನನಗೆ ಮಾಡಿದಳು. "ಆಂಟಿ, ನಾನು ಕವಿತ. ನಾನು ಸತ್ತಿಲ್ಲ" ಅಂದಳು. ಬೆಂಗಳೂರಿಗೆ ಬಂದು ಅಲ್ಲಿಂದ ರೈಲು ಹತ್ತು, ಬಂಗಾರಪೇಟೆಗೆ ನಾವು ಬರುತ್ತೇವೆ ಅಂದೆ. ಸ್ಟೇಷನ್ನಿನಲ್ಲಿ ದುಪಟ್ಟಾದಿಂದ ಮುಖ ಪೂರಾ ಮುಚ್ಚಿಕೊಂಡು ಇಳಿದಳು. ಇಡೀ ಬೋಗಿಯೇ ತನ್ನನ್ನು ನೋಡುತ್ತಿದೆ ಅಂತ ಅವಳಿಗೆ ಅನ್ನಿಸಿತ್ತಂತೆ. ಅಲ್ಲಿಂದ ಸೀದಾ ಪೊಲೀಸ್ ಸ್ಟೇಷನ್ನಿಗೆ ಹೋದೆವು. ಪೆರುಮಾಳ್ ಅವಳನ್ನು ನೋಡಿ ಎದ್ದು ನಿಂತ. ಬೈಯುತ್ತಾನೆ ಅಂದುಕೊಂಡೆ. "ಸಾಪ್ಟಿಯಾ?" ಅಂತ ಕೇಳಿದ, ಊಟ ಮಾಡಿದೆಯಾ ಅಂತ. ಅಷ್ಟೇ.

ಹುಡುಗಿ ಸಿಕ್ಕ ಸುದ್ದಿ ಯಾವ ಟಿವಿಯಲ್ಲಿಯೂ ಬರಲಿಲ್ಲ. ನಿಮ್ಮ ಚಾನೆಲಿನಲ್ಲಿ ಕೆಳಗೆ ಓಡುವ ಸಾಲಿನಲ್ಲಾದರೂ ಬರಬಹುದು ಅಂತ ನಿಮ್ಮಪ್ಪ ಕನ್ನಡಕ ಹಾಕಿಕೊಂಡು ಕಾದರು. ಬೇರೆ ಯಾವುದೋ ಊರಿನ ಕೊಲೆ ಓಡುತ್ತಿತ್ತು.

ಇಂದ್ರಾಣಿ ತನ್ನ ಇಡ್ಲಿ ಅಂಗಡಿ ಮತ್ತೆ ತೆರೆದಳು. ಜನ ಬರಲಿಲ್ಲ. ಹುಡುಗಿ ಬಂದಿದ್ದಾಳೆ ಅಂದರೆ, "ಹಂಗಾದ್ರೆ ಬೇರೆ ಯಾರನ್ನ ಹೂತಿದ್ರು?" ಅಂದವರೂ ಇದ್ದಾರೆ. ಶಾಲೆಯವರು ಪೆರುಮಾಳನಿಗೆ ಸ್ವಲ್ಪ ದಿನ ಬರಬೇಡ ಅಂದಿದ್ದಾರೆ, ಮಕ್ಕಳು ಹೆದರುತ್ತಾರಂತೆ. ಹೋದ ವಾರ ನಾನು ಕವಿತಳ ಕೈ ಹಿಡಿದುಕೊಂಡು ನಮ್ಮ ಲೈನಿನ ಸಾಲುಮನೆಗಳಿಗೆಲ್ಲ ಹೋದೆ. ಅವಳಿಗೆ ಇಷ್ಟವಿರಲಿಲ್ಲ, ಆದರೂ ಬಂದಳು. ಕೆಲವರು ಕೂರಿಸಿ ಕಾಫಿ ಕೊಟ್ಟರು. ಒಬ್ಬಾಕೆ ಅವಳ ಕೈ ಮುಟ್ಟಿ ನೋಡಿದಳು. ಕೆಲವರು ಬಾಗಿಲ ಹಿಂದಿನಿಂದಲೇ ಮಾತಾಡಿದರು. ಆವತ್ತಿನಿಂದ ಕವಿತ ಅಂಗಡಿಯಲ್ಲಿ ತಾನೇ ನಿಂತು ಬಡಿಸುತ್ತಾಳೆ. ನಿಧಾನವಾಗಿ ಜನ ಬರುತ್ತಿದ್ದಾರೆ. ಹಾಸ್ಟೆಲಿನವರು ಅವಳನ್ನು ಮತ್ತೆ ಸೇರಿಸಿಕೊಳ್ಳಲಿಲ್ಲ, ಆ ಕೆಲಸ ಹೋಯಿತು.

ಮೊನ್ನೆ ಇಂದ್ರಾಣಿ ನಮ್ಮ ಮನೆ ಮೆಟ್ಟಿಲ ಮೇಲೆ ಕೂತು, "ಅಕ್ಕ, ನಿಮ್ಮ ಪಾಪು ಟಿವಿಯಲ್ಲೇ ಅಲ್ವಾ ಇರೋದು? ಹುಡುಗಿ ಬದುಕಿದಾಳೆ ಅಂತ ಒಂದು ಸಲ ಹೇಳ್ಸೋಕೆ ಆಗುತ್ತಾ ಕೇಳಿ" ಅಂದಳು. ನೀನು ಅಲ್ಲಿ ಸುದ್ದಿ ಓದುವುದಿಲ್ಲ, ಬರೀ ಆಫೀಸಿನ ಕೆಲಸದಲ್ಲಿದ್ದೀಯ, ಆದರೂ ಬರೆದು ಕೇಳುತ್ತೇನೆ ಅಂದೆ. ಸುಳ್ಳು ಹೇಳಿದೆ ಅಂತ ನನಗೆ ಗೊತ್ತಿದೆ. ಅವಳ ಮುಖ ನೋಡಿಕೊಂಡು ನಿಜ ಹೇಳಲು ನನ್ನಿಂದ ಆಗಲಿಲ್ಲ.

ಹಾಳೆ ಬರೆಯುವುದು ನೀನಲ್ಲ, ಒಪ್ಪುತ್ತೇನೆ. ಕೆಲಸ ಬಿಡು ಅಂತಲೂ ನಾನು ಹೇಳುತ್ತಿಲ್ಲ. ಬರೆಯುವವರ ಹತ್ತಿರ ಹೋಗಿ ಕೇಳು. ಅವರು ಆಗಲ್ಲ ಅಂದರೆ ರಜೆ ಹಾಕಿ ಇಲ್ಲಿಗೆ ಬಾ. ಪೆರುಮಾಳನ ಬಲಗಡೆ ಕೂತು ಮಾತಾಡು, ಆ ಕಿವಿ ಚೆನ್ನಾಗಿದೆ.

ಬಾಗಿಲು ತೆರೆದಿಟ್ಟುಕೊಂಡಿರುವ
ನಿನ್ನ ಅಮ್ಮ,
ಶಾಂತಮ್ಮ

ಇನ್ನೊಂದು ಮಾತು: ಕವರಿಗೆ ಅಂಟು ಹಚ್ಚುತ್ತಿದ್ದಾಗ ಇಂದ್ರಾಣಿ ಬಂದಳು. ಯಾರಿಗೆ ಕಾಗದ ಅಂತ ಕೇಳಿದಳು, ನಿನಗೆ ಅಂದೆ. "ಬೈದು ಬರೀಬೇಡಿ ಅಕ್ಕ" ಅಂದಳು. ಯಾಕೆ ಬೈಯಲಿ ಅಂದೆ. "ನೀವು ಡ್ಯೂಟಿಗೆ ಹೋದಾಗ ನನ್ನ ಸೊಂಟದ ಮೇಲೆ ಕೂತು ಮಾತು ಕಲಿತ ಮಗು ಅದು. ಮೊದಲನೇ ದಿನ ಟಿವಿಯಲ್ಲಿ ಕೇಳಿದಾಗಲೇ ದನಿ ಗೊತ್ತಾಯ್ತು. ಇವರಿಗೆ ಹೇಳಿಲ್ಲ, ಕವಿತಂಗೂ ಹೇಳಿಲ್ಲ" ಅಂದಳು.