ಊರೊಟ್ಟಿನ ತಟ್ಟೆ

ಕಿಕ್ಕೇರಿ ಹೋಬಳಿ
೨೨ ಮೇ ೨೦೨೨, ಭಾನುವಾರ

ಪ್ರೀತಿಯ ಹೇಮ,

ಹೇಗಿದ್ದೀಯ? ಬೆಳಗೊಳದಲ್ಲಿ ನಿನ್ನ ಚಿಕ್ಕಮ್ಮನ ಮನೆಯವರೆಲ್ಲ ಚೆನ್ನಾಗಿದ್ದಾರೆ ತಾನೆ? ಗಾರ್ಮೆಂಟ್ಸಿನಲ್ಲಿ ದಿನವಿಡೀ ನಿಂತೇ ಕೆಲಸ ಮಾಡಬೇಕು ಎಂದು ನಿಮ್ಮವ್ವ ಹೇಳಿದರು. ಮನೆಗೆ ಬಂದ ಮೇಲೆ ಕಾಲನ್ನು ಬಿಸಿನೀರಿನಲ್ಲಿ ಇಟ್ಟುಕೊ. ಬರೆಯಬೇಕು, ಬರೆಯಬೇಕು ಎಂದುಕೊಂಡೇ ಎರಡು ತಿಂಗಳು ಕಳೆದೆ, ತಪ್ಪಾಯಿತು. ಫೋನಿನಲ್ಲೇ ಮಾತಾಡೋಣ ಎಂದರೆ ನಿನ್ನ ಹಳೆಯ ನಂಬರು ಚಾಲ್ತಿಯಲ್ಲಿಲ್ಲ. ಹೊಸದನ್ನು ಕೇಳಿದರೆ ನಿಮ್ಮವ್ವ, "ಅದ್ಯಾವ್ದೋ ಒಸ ಸಿಮ್ಮು ಕಣವ್ವ, ನಂಗೆ ನೆಪ್ಪಿಲ್ಲ" ಎಂದು ಬೇರೆ ಮಾತು ತೆಗೆದರು. ನಾನು ಒತ್ತಾಯ ಮಾಡಲಿಲ್ಲ. ವಿಳಾಸವಾದರೂ ಕೊಟ್ಟರಲ್ಲ ಎಂದುಕೊಂಡೆ. ಈಗ ನನಗೆ ಎಲ್ಲದರ ಮೇಲೂ ಅನುಮಾನ. ಯಾಕೆ ಎಂದು ಮುಂದೆ ಓದು.

ನಿಮ್ಮಜ್ಜಿಯನ್ನು ನಿನ್ನೆ ನೋಡಿಕೊಂಡು ಬಂದೆ. ಎರಡನೇ ಅಲೆಯಲ್ಲಿ ಹೋದ ಉಸಿರು ಅವರಿಗೆ ಪೂರ್ತಿ ಹಿಂದಿರುಗಿಲ್ಲ. ಹಿತ್ತಲಿಂದ ಜಗುಲಿಗೆ ಬರುವಷ್ಟರಲ್ಲಿ ಏದುಸಿರು. ಅದರ ಮೇಲೆ ಈ ಹೊಗೆ. ಲಾಕ್‌ಡೌನಿನಲ್ಲಿ ಕಸದ ಟ್ರಾಕ್ಟರು ನಿಂತಾಗ, ಸದ್ಯಕ್ಕೆ ಎಂದು ಊರ ಕಸವನ್ನು ಕೆರೆ ಏರಿಯ ಕೆಳಗೆ, ನಿಮ್ಮ ಕಾಲೊನಿಯ ಬೆನ್ನಿಗೆ ಸುರಿಯಲು ಶುರು ಮಾಡಿದರಲ್ಲ, ಲಾಕ್‌ಡೌನು ಮುಗಿದರೂ ಆ ಸದ್ಯಕ್ಕೆ ಮುಗಿದಿಲ್ಲ. ಮದುವೆ, ತಿಥಿಗಳ ಪ್ಲಾಸ್ಟಿಕ್ ಮೆತ್ತಿದ ತಟ್ಟೆ, ಲೋಟ ಎಲ್ಲ ಅಲ್ಲಿಗೇ. ಸಂಜೆ ಬೆಂಕಿ ಇಡುತ್ತಾರೆ. ನಾವಿಬ್ಬರೂ ಕೆ.ಆರ್. ಪೇಟೆಯಲ್ಲಿ ಪಿಯುಸಿ ಓದುವಾಗ 'ಭೂಮಿ ಬಿಸಿಯಾಗುತ್ತಿದೆ, ಹೊಗೆಗೆ ಜಾತಿಯಿಲ್ಲ' ಎಂಬ ಕರಪತ್ರ ಹಂಚಿದ್ದೆವು. ಯಾರೋ ಬರೆದದ್ದನ್ನು ನಾನು ಬಾಯಿಪಾಠ ಮಾಡಿ ಬಸ್ ನಿಲ್ದಾಣದಲ್ಲಿ ಕೂಗಿದ್ದೆ. ಹೊಗೆಗೆ ಜಾತಿ ಇಲ್ಲದಿರಬಹುದು. ಬೆಂಕಿಯನ್ನು ಎಲ್ಲಿ ಇಡಬೇಕು ಎನ್ನುವುದಕ್ಕೆ ಇದೆ.

ನಮ್ಮ ರಘುನಂದನ್ ಅಣ್ಣನ ಮದುವೆಯ ಸುದ್ದಿ ನಿನಗೆ ತಲುಪಿರಬೇಕು. ಹುಡುಗಿ ಪಾಂಡವಪುರದವಳು, ಮಾತು ಕಡಿಮೆ, ಒಳ್ಳೆಯವಳು. ಈ ಮದುವೆಯಲ್ಲೇ ನಮ್ಮ ತಟ್ಟೆ ಬ್ಯಾಂಕನ್ನು ಮತ್ತೆ ತೆರೆಯಬೇಕೆಂದು ನಾನು ಹಟ ಹಿಡಿದೆ. ಮುಹೂರ್ತದ ಊಟಕ್ಕೆ ಬಾಳೆ ಎಲೆ ಹೇಗೂ ಇರುತ್ತದೆ. ಚಪ್ಪರದ ದಿನದ ಊಟಕ್ಕೆ, ನಾಮಕರಣಕ್ಕೆ, ತಿಥಿಗೆ ತಾನೆ ಊರಿಗೆ ಪ್ಲಾಸ್ಟಿಕ್ಕು ಬರುವುದು? ಅದನ್ನು ನಿಲ್ಲಿಸಲೆಂದೇ ನಾವು ಮನೆಮನೆ ಅಲೆದು ಸ್ಟೀಲ್ ತಟ್ಟೆ ಎತ್ತಿದ್ದು. ಊರಿಗೂ ಕಾಲೊನಿಗೂ ಒಂದೇ ಬ್ಯಾಂಕು, ಬೇಕಾದವರು ಒಯ್ದು, ಉಂಡು, ತೊಳೆದು ತಂದಿಡುವುದು ಎಂದು ನಿಯಮ ಮಾಡಿದ್ದು. ಅಪ್ಪನೇ ಕೂತು ಪ್ರತಿ ತಟ್ಟೆಯ ಮೇಲೂ 'ಊರೊಟ್ಟಿನ ತಟ್ಟೆ' ಎಂದು ತಮ್ಮ ಅಕ್ಕಸಾಲೆ ಕೆಲಸದ ಚಿಕ್ಕ ಉಳಿಯಲ್ಲಿ ಕೆತ್ತಿಕೊಟ್ಟರು. ಎರಡು ವರ್ಷ ನಡೆಯಿತು. ಕೊರೋನಾ ಬಂತು, ಒಬ್ಬರು ಉಂಡ ತಟ್ಟೆಯಲ್ಲಿ ಇನ್ನೊಬ್ಬರು ಉಣ್ಣಬಾರದು ಎಂದರು, ಬೀಗ ಹಾಕಿದೆವು. ಆಗ ಅದು ಸರಿಯೇ ಇತ್ತು.

ಈಗ? ಹೋಟೆಲಿನ ಗಾಜಿನ ಲೋಟದಲ್ಲಿ ಎಲ್ಲರೂ ಟೀ ಕುಡಿಯುತ್ತಾರೆ. ಬಸ್ಸಿನಲ್ಲಿ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ನಮ್ಮ ತಟ್ಟೆ ಎಂದ ಕೂಡಲೇ ಕಾಯಿಲೆ ನೆನಪಾಗುತ್ತದೆ. ಮೊದಲ ಲಾಕ್‌ಡೌನಿನಲ್ಲಿ ಸೊಪ್ಪಿನ ಗಫಾರ್ ಸಾಬರನ್ನು ಊರ ಬಾಗಿಲಲ್ಲೇ ತಡೆದವರು, ಅದೇ ಮಾರ್ಕೆಟ್ಟಿನಿಂದ ಅದೇ ಬೆಳಿಗ್ಗೆ ಬಂದ ಯಜಮಾನರ ಮೊಮ್ಮಗನನ್ನು ಒಳಕ್ಕೆ ಬಿಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೆದರಿಕೆಯೂ ಮುಖ ನೋಡಿ ಬರುತ್ತದೆ ಕಣೇ.

ನನ್ನ ಮೊದಲ ಅನುಮಾನ ಕಿಕ್ಕೇರಿಯಲ್ಲಿ ಪೇಪರ್ ತಟ್ಟೆಯ ಅಂಗಡಿ ಇಟ್ಟಿರುವ ಚಲುವರಾಜುವಿನ ಮೇಲೆ. ಅವನ ವ್ಯಾಪಾರ ಕುದುರಿದ್ದೇ ಕೊರೋನಾದಿಂದ. ನೇರವಾಗಿ ಹೋಗಿ, ನಮ್ಮೂರಲ್ಲಿ ಕಾಯಿಲೆಯ ಮಾತು ಹಬ್ಬಿಸುತ್ತಿರುವುದು ನೀವೇ ತಾನೆ ಎಂದು ಕೇಳಿದೆ. ಅವನಿಗೆ ಕೋಪವೇ ಬರಲಿಲ್ಲ. "ನಾನ್ಯಾಕವ್ವ ಅಬ್ಬಿಸ್ಲಿ? ನಿಮ್ಮೂರೋರು ಕರೀದೇನೇ ಬತ್ತಾರೆ. ಕೂತ್ಕೋ, ಟೀ ತರುಸ್ತೀನಿ. ಪೇಪರ್ ಲೋಟ್ದಾಗೆ" ಎಂದು ನಕ್ಕ. ನಾನು ಕುಡಿಯದೆ ಎದ್ದು ಬಂದೆ.

ಕಾಯಿಲೆಯೇ ನೆಪವಾದರೆ ಆ ನೆಪವನ್ನೇ ಕುದಿಸಿಬಿಡೋಣ ಎನಿಸಿತು. ಚಪ್ಪರದ ದಿನ ಬೆಳಿಗ್ಗೆ ಮನೆ ಮುಂದೆ, ಎಲ್ಲರ ಕಣ್ಣೆದುರಿಗೆ ಕೊಪ್ಪರಿಗೆಯಲ್ಲಿ ತಟ್ಟೆಗಳನ್ನು ಕುದಿಸುವುದು, ಆಮೇಲೆ ಯಾರು ಏನು ಹೇಳುತ್ತಾರೋ ನೋಡುವುದು. ಅದಕ್ಕೆಂದು ಸಮುದಾಯ ಭವನದ ಟ್ರಂಕಿನಿಂದ ತಟ್ಟೆಗಳನ್ನೆಲ್ಲ ತೆಗೆದು, ತೊಳೆದು, ಚಪ್ಪಡಿಯ ಮೇಲೆ ಬೋರಲು ಹರಡಿದೆ. ಬಿಸಿಲು ಬಿತ್ತು. ಕೆಲವು ತಟ್ಟೆಗಳ ಬೆನ್ನಿನಲ್ಲಿ, ಅಂಚಿನ ಹತ್ತಿರ, ಒಂದು ಚುಕ್ಕಿ ಮಿನುಗಿತು. ಸಾಸಿವೆಯಷ್ಟೂ ಇಲ್ಲದ ಉಳಿಯ ಗುರುತು. ಕೆಲವಕ್ಕೆ ಮಾತ್ರ ಇತ್ತು, ಹೆಚ್ಚಿನವಕ್ಕೆ ಇರಲಿಲ್ಲ.

ನಮ್ಮೂರಲ್ಲಿ ಅಂಥ ಉಳಿ ಇರುವುದು ಒಂದೇ ಮನೆಯಲ್ಲಿ.

ಅಪ್ಪ ಅಂಗಡಿಯಲ್ಲಿ ಯಾರದೋ ಓಲೆಗೆ ಬೆಸುಗೆ ಹಾಕುತ್ತಿದ್ದರು. ಒಂದು ತಟ್ಟೆಯನ್ನು ಅವರ ಮುಂದೆ ಬೋರಲು ಇಟ್ಟೆ. ಅವರು ಬೆಸುಗೆ ಮುಗಿಸಿ, ಓಲೆಯನ್ನು ನೀರಿಗೆ ಹಾಕಿ, ಆಮೇಲೆ ಬಾಯಿ ಬಿಟ್ಟರು.

"ಕಾಲೊನಿಗೆ ಓಗೋವು ಬ್ಯಾರೆ ಇರ್ಲಿ ಅಂದ್ರು ಮಗಾ. ಗುರ್ತು ಆಕ್ಕೊಟ್ರೆ ತಟ್ಟೆ ಕೊಡ್ತೀವಿ, ಇಲ್ದಿದ್ರೆ ಇಲ್ಲ ಅಂದ್ರು. ಆಕ್ದೆ."

ಯಾರು ಅಂದರು ಎಂದು ಕೇಳಿದೆ.

"ಅನ್ನದೇ ಇದ್ದೋರು ಯಾರು ಅಂತ ಕೇಳು. ಆ ಚುಕ್ಕಿ ಇದ್ದಿದ್ಕೇ ನಿನ್ ಬ್ಯಾಂಕು ಎರಡ್ ವರ್ಸ ನಡೀತು. ಇಲ್ದಿದ್ರೆ ಮೊದುಲ್ನೇ ಊಟಕ್ಕೇ ನಿಂತೋಗದು. ನೀನು ಕುಸಿಯಾಗಿದ್ದೆ, ನಾನು ಸುಮ್ಕಿದ್ದೆ."

ಭವನದ ಬೀಗದಕೈ ನಮ್ಮ ಅಂಗಡಿಯಲ್ಲೇ ಇರುತ್ತಿತ್ತಲ್ಲ, ಯಾರು ಬಂದರೆ ಯಾವ ತಟ್ಟೆ ಎಣಿಸಿ ಕೊಡಬೇಕೆಂದು ಅಪ್ಪನಿಗೆ ಗೊತ್ತಿತ್ತು. ಹಾಗಾದರೆ ಇದು ಕಾಯಿಲೆಯಿಂದ ಹುಟ್ಟಿದ್ದೇ ಅಲ್ಲ. ಕಾಯಿಲೆ ಅದಕ್ಕೊಂದು ಮರ್ಯಾದೆಯ ಮಾತು ಕಲಿಸಿತು, ಅಷ್ಟೇ. ಅಪ್ಪನ ಮೇಲೆ ನನಗೆ ಕೆಟ್ಟ ಕೋಪ ಬಂತು ಹೇಮ. ಅವರು ಹೇಳಿದ್ದು ಸುಳ್ಳಲ್ಲ ಎನ್ನುವುದಕ್ಕೆ ಇನ್ನೂ ಹೆಚ್ಚು ಕೋಪ ಬಂತು.

ಮಾರನೆಯ ದಿನ ಅವರು ನಾಗಮಂಗಲದ ನೆಂಟರನ್ನು ಕರೆಯಲು ಹೋದರು. ನಾನು ಅವರ ಜಾಗದಲ್ಲಿ ಕೂತು, ಚುಕ್ಕಿ ಇಲ್ಲದ ತಟ್ಟೆಗಳಿಗೆಲ್ಲ ಚುಕ್ಕಿ ಹಾಕಿದೆ. ಹೆಬ್ಬೆರಳು ಜಜ್ಜಿಹೋಯಿತು. ಎಲ್ಲಕ್ಕೂ ಇದ್ದರೆ ಬೇರೆ ಮಾಡುವುದು ಹೇಗೆ ಎಂದು ನನ್ನ ಲೆಕ್ಕ. ಸಂಜೆ ಅಪ್ಪ ಬಂದರು. ಒಂದು ತಟ್ಟೆಯ ಬೆನ್ನನ್ನು ಬೆರಳಿಂದ ಸವರಿದರು. ಏನೂ ಅನ್ನಲಿಲ್ಲ. ಆ ಮೌನದ ಮೇಲೆ ನನಗೆ ಅನುಮಾನ ಬರಬೇಕಿತ್ತು. ಒಪ್ಪಿದರು ಎಂದುಕೊಂಡೆ.

ಮೊನ್ನೆ ಗುರುವಾರ ಚಪ್ಪರ. ಕೊಪ್ಪರಿಗೆ ಕುದಿಯಿತು, ಊರೆಲ್ಲ ನೋಡಿತು. ಮಧ್ಯಾಹ್ನ ಮೊದಲ ಪಂಕ್ತಿಗೆ ತಟ್ಟೆ ಹಾಕಿದೆವು. ಊರ ಯಜಮಾನರು ಜವರಯ್ಯನವರು ತುದಿಯಲ್ಲಿ ಕೂತಿದ್ದರು. ಬ್ಯಾಂಕಿಗೆ ಎಲ್ಲರಿಗಿಂತ ಹೆಚ್ಚು ತಟ್ಟೆ ಕೊಟ್ಟವರು ಅವರೇ. ನೀರು ಒದರುವವರ ಹಾಗೆ ತಟ್ಟೆಯನ್ನು ಮಗುಚಿದರು. ಬೆನ್ನು ನೋಡಿದರು. ಪಕ್ಕದವರ ತಟ್ಟೆಯನ್ನೂ ಮಗುಚಿದರು. ಆಮೇಲೆ ಇಡೀ ಪಂಕ್ತಿ ಒಬ್ಬೊಬ್ಬರಾಗಿ ತಟ್ಟೆ ಮಗುಚಿ ನೋಡಿತು. ನಮ್ಮ ದೊಡ್ಡಮ್ಮ, ಹಾಲಿನ ಡೇರಿಯವರು, ನಮಗೆ ವಿಜ್ಞಾನ ಹೇಳಿಕೊಟ್ಟ ಮೇಷ್ಟರು. ಏನು ನೋಡುತ್ತಿದ್ದೀರಿ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಎಲ್ಲಿ ನೋಡಬೇಕೆಂದು ಎಲ್ಲರಿಗೂ ಗೊತ್ತಿತ್ತು.

"ಇದೇನ್ ಆಚಾರ್ರೇ, ಎಲ್ಲಾ ಬೆರ್ಸ್ಬುಟ್ಟಿದ್ದೀರಿ" ಎಂದರು ಜವರಯ್ಯನವರು. ಸಿಟ್ಟಿನಿಂದಲ್ಲ, ಸಾರಿಗೆ ಉಪ್ಪು ಕಡಿಮೆ ಎನ್ನುವ ಹಾಗೆ.

ಚುಕ್ಕಿ ಹಾಕಿದ್ದು ಅಪ್ಪನಲ್ಲ, ನಾನು ಎಂದು ಹೇಳಿದೆ. ಪಂಕ್ತಿಯವರು ಏಳತೊಡಗಿದರು. ಮೇಷ್ಟರೂ ಎದ್ದು, "ಅದುಕ್ಕಲ್ಲ ಕಣಮ್ಮ, ಕೊರೋನಾ ಇನ್ನೂ ಪೂರ್ತಿ ಓಗಿಲ್ವಲ್ಲ" ಎಂದರು. ಅವರ ಬೆನ್ನ ಹಿಂದೆ ಕೊಪ್ಪರಿಗೆ ಇನ್ನೂ ಹಬೆಯಾಡುತ್ತಿತ್ತು.

ಅಪ್ಪ ಸಾಂಬಾರಿನ ಬಕೆಟ್ಟು ಕೆಳಗಿಟ್ಟು ಒಳಗೆ ಹೋದರು. ಬರುವಾಗ ಎರಡು ಕೈಯಲ್ಲೂ ಪೇಪರ್ ತಟ್ಟೆಯ ಕಟ್ಟುಗಳು. ಚಲುವರಾಜುವಿನ ಅಂಗಡಿಯವು, ಮೊದಲೇ ತರಿಸಿ ಅಟ್ಟದಲ್ಲಿ ಇಟ್ಟಿದ್ದರು. ನನ್ನ ಮುಖ ನೋಡಿ, "ನಿನ್ ಆಸೆ ತೀರ್ಲಿ ಅಂತ ಬುಟ್ಟೆ ಮಗಾ. ಮದ್ವೆ ಮನೇಲಿ ಜನ ಅಸ್ಕಂಡ್ ಎದ್ದೋಗ್ಬಾರ್ದಲ್ಲ" ಎಂದರು. ಅರಿಶಿನದ ಮೈಯಲ್ಲೇ ಅಣ್ಣ ಓಡಿ ಬಂದು ಎಲ್ಲರನ್ನೂ ಕೈಹಿಡಿದು ಮತ್ತೆ ಕೂರಿಸಿದ. ಊಟ ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿ ಹೋದರು. ಮರುದಿನ ಮುಹೂರ್ತವೂ ಸುಸೂತ್ರವಾಗಿ ಮುಗಿಯಿತು. ಅಷ್ಟರಲ್ಲಿ ಆ ತಟ್ಟೆಗಳು ಕೆರೆ ಏರಿಯ ಕೆಳಗೆ ಉರಿದು ಬೂದಿಯಾಗಿದ್ದವು.

ಅದಕ್ಕೇ ನಿನ್ನೆ ನಿಮ್ಮಜ್ಜಿಯ ಹತ್ತಿರ ಹೋದದ್ದು. ನಡೆದದ್ದನ್ನೆಲ್ಲ ಹೇಳಿ ಅತ್ತೆ. ಅವರು ನಕ್ಕರು, ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ, "ಅಯ್ಯೋ ಮಗಾ, ನಿಂಗ್ ಈಗ್ ಗೊತ್ತಾಯ್ತಾ?" ಎಂದರು.

ಮುಂದಿನ ವಾರ ಕಸದ ಗುಂಡಿ ಎತ್ತಿಸಲು ಪಂಚಾಯ್ತಿ ಮುಂದೆ ಕೂರುತ್ತಿದ್ದೇವೆ. ಕರಪತ್ರ ಇಲ್ಲ. ನಿಮ್ಮವ್ವ ಮತ್ತು ಕಾಲೊನಿಯ ಹೆಂಗಸರೇ ಮಾತಾಡುತ್ತಾರೆ, ನಾನು ಅವರ ಜೊತೆ ಸುಮ್ಮನೆ ಕೂರುತ್ತೇನೆ. ಅಪ್ಪನ ಹತ್ತಿರ ಇನ್ನೂ ಮಾತು ಬಿಟ್ಟಿದ್ದೇನೆ.

ಮೈ ಕಡೆ ನೋಡಿಕೊ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು. ನಿನ್ನ ದುಡಿಮೆ ನಿನ್ನ ಕೈಗೇ ಸೇರಲಿ, ಅಲ್ಲಾದರೂ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುವವರು ಸಿಗಲಿ.

ನಿನ್ನ
ಸ್ಪಂದನ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನು ಕೇಳಲೇಬೇಕು. ತಟ್ಟೆಗಳು ವಾಪಸು ಬಂದಾಗಲೆಲ್ಲ ಟ್ರಂಕಿನಲ್ಲಿ ಜೋಡಿಸುತ್ತಿದ್ದವಳು ನೀನು. ನಾನು ಹೊರಗೆ ನಿಂತು ಭಾಷಣ ಮಾಡುತ್ತಿದ್ದೆ. ಈ ಸಲ ಟ್ರಂಕು ತೆಗೆದಾಗ ಚುಕ್ಕಿ ಇರುವವು ತಳದಲ್ಲಿ ಬೇರೆಯಾಗಿ, ನಿನ್ನ ಹಳೆಯ ಹಸಿರು ವೇಲಿನಲ್ಲಿ ಗಂಟು ಕಟ್ಟಿದ್ದವು, ಯಾಕೆಂದು ಆಗ ಹೊಳೆದಿರಲಿಲ್ಲ. ಮೊದಲಿನಿಂದಲೂ ನಿನಗೆ ಗೊತ್ತಿತ್ತು. ಎರಡು ವರ್ಷ ನನ್ನ ಪಕ್ಕದಲ್ಲೇ ಇದ್ದು ಒಂದು ಮಾತು ಹೇಳಲಿಲ್ಲ. ನಾನು ನೊಂದುಕೊಳ್ಳುತ್ತೇನೆ ಎಂದು ಸುಮ್ಮನಿದ್ದೆಯಾ? ಇಲ್ಲ, ಚುಕ್ಕಿ ಹಾಕಿದ ಮನೆಯ ಮಗಳಿಗೆ ಗೊತ್ತಿಲ್ಲದೆ ಇರುತ್ತದೆಯೇ ಎಂದುಕೊಂಡೆಯಾ? ನನಗೆ ನಿಜವಾಗಿಯೂ ಗೊತ್ತಿರಲಿಲ್ಲ ಕಣೇ.